ಯಾರೂ ಇಳಿಯದ ಟ್ರಾಮು

ಸೆಗೆಡ್ ಊರಲ್ಲಿ, ತಿಸಾ ಹೊಳೆಯ ಈಚೆ ದಡದಲ್ಲಿ,
ಮೂರನೇ ಮಹಡಿಯಲ್ಲಿ ನೊಣಗಳಿಗೆ ಗಂಜಿ ಕಾಯಿಸುವವಳು ನಾನು.
ಮೆಕ್ಕೆಜೋಳದ ಹಿಟ್ಟು, ಯೀಸ್ಟು, ಸಕ್ಕರೆ, ಚಿಟಿಕೆ ಅಗರ್.
ತಳ ಹತ್ತದಂತೆ ತೊಳಸುತ್ತ ಇಪ್ಪತ್ತೊಂಬತ್ತು ವರ್ಷ.
ಬಾಟಲಿಗೆ ಸುರಿ, ಆರಿಸು, ಬಾಯಿಗೆ ಹತ್ತಿ ತುರುಕು.
ನೊಣ ಸಾಯುವುದು ನನಗೇನು ಹೊಸದಲ್ಲ.

ಒಂದು ಮಧ್ಯಾಹ್ನ ಎಮೊಕೆ ಕರೆದಳು,
ಮಾತಿಗೆ ಮುಂಚೆ ಕೆಮ್ಮುವ ಹುಡುಗಿ.
"ಯೊಲಾನ್ ನೇನಿ, ಬನ್ನಿ, ಒಂದು ತೋರಿಸಬೇಕು."
ಕತ್ತಲ ಕೋಣೆ. ಮೈಕ್ರೋಸ್ಕೋಪಿನಡಿ ಒಂದು ಮೊಟ್ಟೆ,
ನುಚ್ಚಕ್ಕಿಗಿಂತ ಸಣ್ಣದು.
ಒಳಗೆ ಅಲ್ಲಲ್ಲಿ ಮಿಣುಕು ಮಿಣುಕು.
"ಹೊಳೆಯುತ್ತಿವೆಯಲ್ಲ, ಅವೆಲ್ಲ ಸಾಯುತ್ತಿರುವ ಕೋಶಗಳು.

ಕತ್ತರಿ ಹೊರಗಿಂದ ಬರುವುದಿಲ್ಲ ನೇನಿ,
ಪ್ರತಿ ಕೋಶದೊಳಗೂ ಮೊದಲಿಂದಲೇ ಇದೆ.
ಅದರ ಬಾಯಿ ಕಟ್ಟಿ ಕೂತ ಕಾವಲುಗಾರನೊಬ್ಬ.
ಹೊತ್ತು ಬಂದಾಗ ಮೂರು ಜೀನುಗಳು ಎಚ್ಚರಾಗುತ್ತವೆ:
ಒಂದರ ಹೆಸರು ಕೊಯ್ಲುಗಾರ, ಒಂದರದು ಕರಾಳ,
ಇನ್ನೊಂದರದು ಉದ್ದ, ತಲೆ ಒಳಸರಿಯದ ಏನೋ ದೋಷ."
(ಹೆಸರಿಟ್ಟವರಿಗೆ ಆ ದಿನ ಊಟ ಸೇರಿರಲಿಕ್ಕಿಲ್ಲ.)
"ಈ ಮೂವರು ಕತ್ತರಿ ಮುಟ್ಟುವುದೇ ಇಲ್ಲ.
ಕಾವಲುಗಾರನ ಹೆಗಲು ತಟ್ಟಿ ಏಳಿಸುತ್ತಾರೆ,
ಅಷ್ಟೇ."

ಆಮೇಲೆ ಇನ್ನೊಂದು ಮೊಟ್ಟೆ ಇಟ್ಟಳು.
ಅದರ ಮೂರನೇ ವರ್ಣತಂತುವಿನಲ್ಲಿ
ಆ ಮೂವರ ಮನೆಗಳಿದ್ದ ಬೀದಿಯೇ ಅಳಿಸಿಹೋಗಿದೆಯಂತೆ.
ನೋಡಿದೆ. ಒಂದು ಕಿಡಿಯಿಲ್ಲ.
ಯಾರೂ ಸಾಯದ ಊರು.
ಸುಳ್ಳೇಕೆ, ನನಗೆ ಖುಷಿಯಾಯಿತು.
ಬದುಕಿಕೊಂಡಿತಲ್ಲ, ಎಂದೆ.

ಎಮೊಕೆ ಕೆಮ್ಮಿದಳು.
"ಇಲ್ಲ. ಇದು ಮೊಟ್ಟೆಯೊಡೆದು ಬರುವುದಿಲ್ಲ.
ಕೋಶದ ಮೇಲೆ ಕೋಶ, ನರದ ದಾರಿಯಲ್ಲಿ ನೂಕುನುಗ್ಗಲು.
ಬೆಳಗಿನ ಎರಡನೇ ನಂಬರಿನ ಟ್ರಾಮು ಅಂದುಕೊಳ್ಳಿ,
ಹತ್ತಿದವರು ಹತ್ತುತ್ತಲೇ ಇದ್ದಾರೆ, ಒಬ್ಬರೂ ಇಳಿಯುತ್ತಿಲ್ಲ."
ಏಪ್ರನ್ನಿನ ಜೇಬಿನಲ್ಲಿ ಸಿಬ್ಬಂದಿ ಕಚೇರಿಯ ಕಾಗದ
ಸರಸರ ಎಂದಿತು. ಮೂರನೆಯದು ಅದು.
ಉತ್ತರ ಬರೆದಿರಲಿಲ್ಲ.

ಸಂಜೆ ಹೊಳೆಯ ಮೆಟ್ಟಿಲಿಗೆ ಹೋದೆವು.
ಜೂನಿನಲ್ಲಿ ತಿಸಾದ ಮೇಲೆ ಬೀಸಣಿಗೆ ಬಾಲದ ಹುಳುಗಳೇಳುತ್ತವೆ,
ಮೂರು ವರ್ಷ ಕೆಸರಲ್ಲಿದ್ದು ಮೂರು ಗಂಟೆ ಹಾರಲಿಕ್ಕೆ.
ಸೇತುವೆ ತುಂಬ ಜನ, ಕ್ಯಾಮೆರಾ, ಐಸ್‌ಕ್ರೀಮು.
ಎಮೊಕೆ ಚಪ್ಪಲಿ ಬಿಚ್ಚಿದಳು. ಎಡಗಾಲಿನ
ಎರಡನೇ ಮೂರನೇ ಬೆರಳು ಕೂಡಿಕೊಂಡಿವೆ, ಬಾತಿನ ಹಾಗೆ.
"ಇಲ್ಲಿಗೆ ಆರ್ಡರ್ ತಲುಪಲಿಲ್ಲ ನೋಡಿ.
ಈಜುವಾಗ ಇದೇ ಕಾಲು ಚುರುಕು."
ನಕ್ಕೆವು. ನಮ್ಮ ಮಡಿಲಿಗೂ ಹುಳು ಬಿದ್ದವು.

ಸೋಮವಾರ ಬರ್ನಬಾಶ್ ಬಂದ, ಇಪ್ಪತ್ತರ ಹುಡುಗ,
ನನ್ನ ಕೆಲಸಕ್ಕೆ. ಒಲೆ ತೋರಿಸಿದೆ, ತಕ್ಕಡಿ ತೋರಿಸಿದೆ,
ಸಕ್ಕರೆಗೆ ಇರುವೆ ಬರದಂತೆ ನೀರಿನ ತಟ್ಟೆಯಿಡುವುದು ತೋರಿಸಿದೆ.
ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಗಂಜಿ ಕುದಿ ಬಂತು. ಅವನು ಕೈ ಚಾಚಿ ನಿಂತಿದ್ದಾನೆ.
ಇರು ಮಗಾ, ಇನ್ನೊಂದು ಸುತ್ತು.
ತಳ ಹತ್ತೀತು.