ಕಾಯೋ ಹಣ್ಣೋ

ಶ್ರೀನಿವಾಸಪುರ ದಾಟಿ ಮದನಪಲ್ಲಿ ರಸ್ತೆಗೆ ತಿರುಗಿದರೆ
ಮೂಗಿಗೇ ಗೊತ್ತಾಗುತ್ತದೆ ನಮ್ಮ ಫ್ಯಾಕ್ಟರಿ.
ತೋತಾಪುರಿ ಅರೆದು, ಕಾಯಿಸಿ, ಡಬ್ಬಕ್ಕೆ ತುಂಬುತ್ತಾರೆ;
ಚೀಟಿ ಅಂಟಿಸುವುದು ನಾನು.
ಎರಡು ತಿಂಗಳು, ಎರಡು ಪಾಳಿ,
ಉಗುರಿನ ಸಂದಿಯಲ್ಲಿ ಗೋಂದು, ಅನ್ನದಲ್ಲೂ ಗೋಂದಿನ ವಾಸನೆ.

ಚೀಟಿಯಲ್ಲಿ ಆರು ದೇಶದ ಬರಹ.
ಏಳನೇ ಕ್ಲಾಸಿನ ನನ್ನ ಎಬಿಸಿಡಿ ಅಲ್ಲಿ ಕುಂಟುತ್ತದೆ.
ನೀರಿಗೆ ಒಬ್ಬೊಬ್ಬರದು ಒಂದೊಂದು ಮಾತು.
ದಪ್ಪಕ್ಷರದ್ದು ಮಾತ್ರ
ಮ್ಯಾಂಗೋ, ಮಾಂಗೋ, ಮಾಂಗ್, ಮಾಂಗಾ:
ಒಬ್ಬಳೇ ತಾಯಿ ಹೆತ್ತು
ಬೇರೆ ಬೇರೆ ಊರಿಗೆ ದತ್ತು ಹೋದ ಮಕ್ಕಳ ಹಾಗೆ,
ಮೂಗು ಒಂದೇ.

ಬಾಯ್ಲರಿನ ದೇವಸಹಾಯಂ ಬೀಡಿ ಆರಿಸಿ ಕಿವಿಯ ಮೇಲಿಟ್ಟು ಹೇಳಿದ:
"ಎಲ್ಲಾ ನಮ್ಮ ಮಾಂಗಾಯ್, ಗಂಗುಲಮ್ಮಾ.
ಮಾ ಅಂದರೆ ನಿಮ್ಮ ಮಾವು. ಕಾಯ್ ಅಂದರೆ ಕಾಯಿ.
ಮೆಣಸು ಕೊಳ್ಳಲು ಬಂದ ಹಡಗಿನವನು
ಇದೇನು ಅಂತ ಬೆರಳು ತೋರಿಸಿದ,
ದಡದಲ್ಲಿ ಯಾರೋ ಹೇಳಿದರು.
ಯಕಾರ ನೀರಿಗೆ ಬಿತ್ತು, ಮಿಕ್ಕದ್ದು ಆ ಕಡೆ ಇಳಿಯಿತು."

ಹಾಗಾದರೆ ಕೊನೆಯ ಆ 'ಗೋ' ನಮ್ಮ ಕಾಯಿಯೇ!
ನಗು ತಡೆಯಲಾಗಲಿಲ್ಲ ನನಗೆ.
ಇಲ್ಲಿ ಮಂಡಿಯಲ್ಲಿ ಮಿಡಿಗೊಂದು ರೇಟು,
ಕಾಯಿಗೊಂದು, ದೋರೆಗಾಯಿಗೆ ಇನ್ನೊಂದು;
ಹೆಸರು ತಪ್ಪಿದರೆ ದಲ್ಲಾಳಿ ಅನ್ವರ್ ಪಾಷಾ
ಟವಲಿನ ಕೆಳಗೆ ಹಿಡಿದ ಬೆರಳು ಬಿಟ್ಟುಬಿಡುತ್ತಾನೆ.
ಅಲ್ಲಿ, ಹಣ್ಣು ಕರಗಿ ರಸವಾದ ಮೇಲೂ
ಚಮಚೆ ನೆಕ್ಕುತ್ತಾ ಅನ್ನುತ್ತಾರೆ: ಕಾಯಿ, ಕಾಯಿ.
ಹಣ್ಣು ಅನ್ನುವ ಮಾತನ್ನು ಯಾರೂ ಹಡಗು ಹತ್ತಿಸಲಿಲ್ಲ.

ಹೇಳಿದವಳು ಹೆಂಗಸೇ ಇರಬೇಕು.
ಮೊಣಕಾಲ ನಡುವೆ ಈಳಿಗೆ, ಪಕ್ಕದಲ್ಲಿ ಉಪ್ಪು,
ಸೊನೆ ತಾಗಿ ಸುಟ್ಟ ಮುಂಗೈ.
ತಲೆ ಎತ್ತದೆ ಹೇಳಿರುತ್ತಾಳೆ
ಕೈಲಿದ್ದುದರ ಹೆಸರು.
ಅವಳಿಗೆ ಹೊತ್ತಾಗಿತ್ತು.

ಮಂಗಳವಾರ ಬೆಳಗಿನ ಬಸ್ಸಿಗೆ
ದೇವಸಹಾಯಂ ಕೆಜಿಎಫಿಗೆ ಹೋದ.
ಗಣಿ ಮುಚ್ಚಿ ಇಷ್ಟು ವರ್ಷ,
ಅಪ್ಪ ಇದ್ದ ತಗಡಿನ ಮನೆಯ ಹಕ್ಕುಪತ್ರಕ್ಕೆ
ಇದು ಎಷ್ಟನೆಯದೋ ಅರ್ಜಿ.
ರಾತ್ರಿ ಪಾಳಿಗೆ ಬಂದವನನ್ನು ಗೇಟಿನಲ್ಲೇ ಕೇಳಿದೆ:
"ಹೋದ ಕೆಲಸ ಏನಾಯ್ತು, ಕಾಯೋ ಹಣ್ಣೋ?"

ಕಿವಿಯ ಮೇಲಿನ ಬೀಡಿ ತೆಗೆದು ಬಾಯಿಗಿಟ್ಟ,
ಬೆಂಕಿಪೊಟ್ಟಣಕ್ಕೆ ಜೇಬು ತಡಕಿದ.
"ಮ್ಯಾಂಗೋ," ಅಂದ.