ಕೊಡೆ ಹಿಡಿದವನು

ಸುರಬಾಯಾಕ್ಕೆ ಹಡಗಿನಲ್ಲಿ ಹೋಗಿಬಂದ ಕುಂಞಂಬು
ಉದುಮದ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲು ಚಾಚಿದ:
ಜಾವಾದ ಹಳೇ ಗುಡಿ, ಗೋಡೆ ತುಂಬ ಕಲ್ಲಿನ ಜನ.

ರಾಜಕುಮಾರ ತೊಗಲುಗೊಂಬೆಯ ಹಾಗೆ ಚಪ್ಪಟೆ,
ಮೋರೆ ಅಡ್ಡಕ್ಕೆ, ಯಾರನ್ನೂ ನೋಡುವುದಿಲ್ಲ.
ಹಿಂದೆ, ಅವನ ಸೊಂಟದೆತ್ತರಕ್ಕೆ,
ಡೊಳ್ಳುಹೊಟ್ಟೆಯ ಒಬ್ಬ. ಜುಟ್ಟು. ಕೈಯಲ್ಲಿ ಕೊಡೆ.
"ಕುಳ್ಳನಾ?" ಎಂದೆ.
"ಅಲ್ಲ ಮಾರಾಯಾ, ಆಳು."

ನನ್ನಪ್ಪ ಐತ ಆರಡಿ ಆಳು.
ಬೀಡಿನ ಮದುವೆಯ ಫೋಟೋಕ್ಕೆ
ಮದುಮಗನ ಬೆನ್ನ ಹಿಂದೆ ಮೊಣಕಾಲು ಮಡಚಿ ನಿಂತನಂತೆ;
ಕಾಣುವುದು ಓಲೆಕೊಡೆಯ ಕಾವು ಹಿಡಿದ
ನಾಲ್ಕು ಬೆರಳು ಮಾತ್ರ.

ಆ ಶಿಲ್ಪಿ ವಾಸಿ.
ಆಳಿಗೂ ಮುಖ ಕೊಟ್ಟ, ಹೊಟ್ಟೆ ಕೊಟ್ಟ,
ಇಡೀ ಗೋಡೆಯಲ್ಲಿ ಅವನೊಬ್ಬನಿಗೇ ನಗು.

"ಅದರ ಕಥೆ ತಿಳಿಯಲಿಕ್ಕೆ ಅಪ್ರದಕ್ಷಿಣೆ ಬರಬೇಕು,"
ಅಂದ ಕುಂಞಂಬು, ಬಸ್ಸು ಹತ್ತುತ್ತ.
ಅಪ್ಪನ ಗುಂಡಿಗೆ ನಾನು ಹಾಗೇ ಸುತ್ತಿದ್ದೆ.

ನಾನು ಕಡಿಯುವುದು ಬದಿಯಡ್ಕದ ಮುರಕಲ್ಲು.
ತೂತು ತೂತು; ಅದರಲ್ಲಿ ಮೂಗು ನಿಲ್ಲುವುದಿಲ್ಲ.
ಇವತ್ತು ಮಧ್ಯಾಹ್ನ ಕೋರೆಯ ಗೋಡೆಗೆ ಬೆನ್ನು ಕೊಟ್ಟು
ನೆಟ್ಟಗೆ ನಿಂತೆ,
ನೆತ್ತಿಗೆ ಸರಿಯಾಗಿ ಉಳಿಯಲ್ಲಿ ಒಂದು ಗೆರೆ ಎಳೆದೆ.

ಅದರ ಮೇಲೆ, ಮೂರು ಬೆರಳು ಬಿಟ್ಟು,
ಅಪ್ಪನದು.