ಒಣಹಾಕುವವರು

ಮೀನು ಬೇಡ ಅಂದಳು. ಬೇಡವಾದರೆ
ಚಾಪೆಯ ತುದಿಗೆ ಇಷ್ಟು ಹೊತ್ತು ಎಂತಕ್ಕೆ ನಿಂತದ್ದು?
ಮುದಗಾದ ಹೊಯ್ಗೆ ಹನ್ನೊಂದಕ್ಕೇ ಕಾಲು ಸುಡುತ್ತದೆ.
ನಾನು ತಾರ್ಲೆ ಮಗುಚುತ್ತಿದ್ದೆ, ಕಾಗೆ ಓಡಿಸುತ್ತಿದ್ದೆ,
ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.
'ನಮ್ಮಮ್ಮನೂ ಹೀಗೇ ಮಗುಚೂದು,' ಅಂದಳು ಹಿಂದಿಯಲ್ಲಿ,
'ಮಾಡಿನ ಮೇಲೆ. ಮೀನಲ್ಲ, ಹಣ್ಣು.'

ಹೆಸರು ಡೋಲ್ಕರ್. ಲಡಾಖದವಳು.
ಗಂಡ ನೌಕಾನೆಲೆಯಲ್ಲಿ ಇಂಜಿನ್ ಮೆಕ್ಯಾನಿಕ್.
ಸಮುದ್ರ ಕಂಡದ್ದು ಮದುವೆಯಾದ ಮೇಲೆ.

ಮರುದಿನ ಕಾಗದದ ಪೊಟ್ಟಣ.
ಬಿಚ್ಚಿದರೆ, ಮುದುಕಿಯರ ಕಿವಿಯ ಹಾಗೆ
ಸುಕ್ಕುಗಟ್ಟಿದ, ಕೆಂಚು ಬಣ್ಣದ ಎಂತದೋ.
ಬದಲಿಗೆ ಕೊಡಲಿಕ್ಕೆ ನನ್ನಲ್ಲಿ ಇದ್ದದ್ದೆಲ್ಲ ಮೀನು.
ಉಪ್ಪು ಹಚ್ಚಿ ಒಣಗಿಸಿದ ಮುರುಗಲು ಸಿಪ್ಪೆ ಕೊಟ್ಟೆ;
ಬಾಯಿಗಿಟ್ಟವಳ ಒಂದು ಕಣ್ಣು ತಾನೇ ಮುಚ್ಚಿತು.

'ಜರದಾಳು' ಅಂದ, ಕಿರಾಣಿ ಅಂಗಡಿಯ ವಾಮನ ಪೆಡ್ನೇಕರ,
ಪಾರಸಿ ಮಾತಂತೆ, ಹಳದಿ ಆಲುಬುಖಾರ ಅಂತ ಅರ್ಥ.
ನಮ್ಮತ್ತೆ ಅದೆಲ್ಲ ಕೇಳುವವಳಲ್ಲ:
'ಜರದ ಆಳು! ಜರ ಬಂದವರಿಗೆ ಕೊಡೂದು ಇದು'
ಎಂದು ಎರಡೆತ್ತಿ ಸೆರಗಿಗೆ ಗಂಟು ಹಾಕಿದಳು.

ಅಷ್ಟೇನೂ ತಪ್ಪಲ್ಲ. ಅಂಗನವಾಡಿಯ ಟೀಚರು ಹೇಳಿದ್ದು:
ಕಣ್ಣಿಗೆ ಒಳ್ಳೇದು, ಹೊಟ್ಟೆ ಸಲೀಸು,
ಒಣಗಿದ್ದರಲ್ಲಿ ಕಬ್ಬಿಣವೂ ಇದೆ.
ಮಾತ್ರೆ ಕಂಡರೆ ಮುಖ ತಿರುಗಿಸುವ ನನ್ನ ಸೊಸೆ,
ಆರು ತಿಂಗಳ ಬಸುರಿ,
ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಆ ನೀರನ್ನೂ ಬಿಡದೆ ಕುಡಿದಳು.
ರಕ್ತ ಏರಿತೋ? ಒಂದು ಚೂರು.
ಬೈದು ನುಂಗಿಸಿದ ಮಾತ್ರೆಯಿಂದಲೂ ಇರಬಹುದು.

ಹಣ್ಣಿಗಿಂತ ಮೊದಲು ಬೀಜ ವಿಚಾರಿಸಬೇಕು, ಅನ್ನುತ್ತಾಳೆ ಡೋಲ್ಕರ್.
ಕಹಿ ಬೀಜದ್ದು ಖಾಂತೆ. ಆ ಬೀಜ ತಿನ್ನೂದಿಲ್ಲ,
ಎಣ್ಣೆ ತೆಗೆದು ದೀಪಕ್ಕೆ, ಕೂದಲಿಗೆ, ಅಜ್ಜನ ಮೊಣಕಾಲಿಗೆ.
ಸಿಹಿ ಬೀಜದ್ದು ನ್ಯಾರ್ಮೋ.
ಒಣಹಾಕಲಿಕ್ಕೆ ಹಲ್ಮಾನ್.
ಎಲ್ಲಕ್ಕೂ ಮೇಲೆ ರಕ್ತ್ಸೆ ಕರ್ಪೋ, ಬಿಳಿ ಬೀಜದ್ದು.
ಅದರ ಹೆಸರು ಬಂದಾಗ ಅವಳ ದನಿ ಸ್ವಲ್ಪ ಸೊಕ್ಕಿತು.
ಗೊತ್ತಾಯಿತು ನನಗೆ. ಕರಿ ಇಶಾಡು ಅನ್ನುವಾಗ
ನಮ್ಮ ದನಿಯೂ ಹಾಗೇ.

ಮೂಲ ಎಲ್ಲಿಯದು? ಶಾಸ್ತ್ರದ ಹೆಸರಿನಲ್ಲಿ ಅರ್ಮೇನಿಯ ಇದೆಯಂತೆ,
ಅಲ್ಲ, ಚೀನದ ಕಡೆಯದು ಅನ್ನುವವರೂ ಇದ್ದಾರಂತೆ.
ಡೋಲ್ಕರಳ ಅಮ್ಮನನ್ನು ಕೇಳಿದರೆ
ಅವರ ಹಳ್ಳದ ಆಚೆ ದಂಡೆಯದು.
ಇದ್ದೀತು. ಹಣ್ಣು ಎಲ್ಲಿ ಹುಟ್ಟಿತು ಅಂದರೆ
ತಿಂದವರು ತಮ್ಮ ಹಿತ್ತಲು ತೋರಿಸುತ್ತಾರೆ.

ನನ್ನ ಹಿತ್ತಲು ತೋರಿಸಲಿಕ್ಕೆ ಆಗೂದಿಲ್ಲ.
ಅದು ಅರ್ಗಾದ ಗೇಟಿನೊಳಗೆ.
ಬಾವಿ, ಬಟ್ಟೆ ಒಗೆಯುವ ಕಲ್ಲು, ಬೇಲಿಗೆ ವಾಲಿದ ಇಶಾಡು.
ಪರಿಹಾರದ ಪಟ್ಟಿಯಲ್ಲಿ ಮರವನ್ನೂ ಬರೆದುಕೊಂಡಿದ್ದರು:
ಮಾವು, ಒಂದು.
ಜಾತಿ ಬರೆಯಲಿಕ್ಕೆ ಕಾಲಂ ಇರಲಿಲ್ಲ.

ಇದನ್ನು ಡೋಲ್ಕರಿಗೆ ಹೇಳಿದ್ದು ಹೌದು. ಕೇಳಿದ್ದೇನೂ ಇಲ್ಲ.
ಮೇ ಕೊನೆಗೆ ಮೋಡ ಕಟ್ಟಿ, ನಾನು ಅವಸರಕ್ಕೆ ಮೀನು ಬಾಚುವಾಗ
ಒಂದು ಚೀಲ ತಂದಿಟ್ಟಳು. ಹನ್ನೊಂದು, ಎರಡು ಒಡೆದದ್ದು.
'ಕ್ವಾರ್ಟರ್ಸ್ ಹಿಂದೆ, ಬಾವಿಯ ಹತ್ತಿರ. ಅದೇನಾ ಗೊತ್ತಿಲ್ಲ.'
ಹನಿ ಬಿತ್ತು. ಮೀನು ತಿನ್ನದವಳು
ಮೀನಿನ ಚಾಪೆಯ ಆ ತುದಿ ಹಿಡಿದು ಸುತ್ತತೊಡಗಿದಳು.

ಮನೆಯಲ್ಲಿ ಮೂಸಿದೆ. ತೊಟ್ಟು ಮುರಿದು ಸೊನೆ ನೋಡಿದೆ.
ಸಿಪ್ಪೆ ತೆಳ್ಳಗೆ, ರಸ ಮೊಣಕೈವರೆಗೆ.
ಇಶಾಡೇ. ನಮ್ಮದೇನಾ?
ಇಪ್ಪತ್ತೈದು ವರ್ಷ ಉಪ್ಪು ನೆಕ್ಕಿದ ನಾಲಿಗೆ ನನ್ನದು,
ಸಾಕ್ಷಿಗೆ ಬರೂದಿಲ್ಲ.

ಅತ್ತೆ ಯಾರನ್ನೂ ಕೇಳದೆ ಇಡೀ ಒಂದು ಮುಗಿಸಿ
ಗೊರಟು ಚೀಪುತ್ತ ಗೊಣಗಿದಳು:
'ಸಿಹಿ ಇಳಿದಿದೆ.
ಬುಡಕ್ಕೆ ಮೀನು ತೊಳೆದ ನೀರು ಬೀಳೂದಿಲ್ಲಲ್ಲ ಈಗ.'